ನರ್ಸಮ್ಮನಿಗೆ ಶ್ರದ್ಧಾಂಜಲಿ: ಡಿಟಿಪಿ ಅಂಗಡಿ, ಪತ್ರಿಕೆ, ಸ್ಟುಡಿಯೊ, ಪುಸ್ತಿಕೆ – ಯಾವ ಸೇವೆ ಎಷ್ಟು ಸರಿ?

ತಾಲ್ಲೂಕು ಕೇಂದ್ರದ ಯಾವ ಡಿಟಿಪಿ ಅಂಗಡಿಗೆ ಹೋದರೂ ಕಂಪ್ಯೂಟರಿನಲ್ಲಿ ಶ್ರದ್ಧಾಂಜಲಿಯ ಹಳೇ ಫೈಲ್ ಒಂದು ಇದ್ದೇ ಇರುತ್ತದೆ. ಎಡಕ್ಕೊಂದು ಬಲಕ್ಕೊಂದು ದೀಪ, ನಡುವೆ ಮೊಟ್ಟೆಯಾಕಾರದ ಚೌಕಟ್ಟು, ಹಿಂದೆ ನೀಲಿ ಆಕಾಶ, ಕೆಳಗೆ ‘ದುಃಖತಪ್ತ ಕುಟುಂಬ ವರ್ಗ’ ಎಂದು ಹೆಸರುಗಳ ಸಾಲು. ಹೆಸರು, ಫೋಟೊ, ತಾರೀಕು ಬದಲಾಯಿಸಿದರೆ ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಸಾವಾದ ಮನೆಯವರಿಗೆ ಆ ಹೊತ್ತಿನಲ್ಲಿ ಇದು ದೊಡ್ಡ ಉಪಕಾರವೇ. ಆದರೆ ತೀರಿಕೊಂಡವರು ಮೂವತ್ತು ನಲವತ್ತು ವರ್ಷ ನರ್ಸ್ ಆಗಿ ದುಡಿದ ತಾಯಿಯಾಗಿದ್ದರೆ, ಆ ಫೈಲಿನಲ್ಲಿ ಅವರ ಕೆಲಸಕ್ಕೆ ಜಾಗವೇ ಇರುವುದಿಲ್ಲ. ಅಮ್ಮ ಉಳಿಯುತ್ತಾರೆ, ಅಜ್ಜಿ ಉಳಿಯುತ್ತಾರೆ, ನರ್ಸಮ್ಮ ಅಳಿಸಿಹೋಗುತ್ತಾರೆ. ಹಾಗಾಗಿ ಇಲ್ಲಿ ಒಂದೊಂದು ಸೇವೆಯನ್ನೂ ನೋಡಿರುವುದು ಒಂದೇ ಲೆಕ್ಕದಲ್ಲಿ: ಅವರು ಎಲ್ಲಿ, ಯಾವಾಗ, ಏನು ಕೆಲಸ ಮಾಡಿದರು ಎಂಬುದನ್ನು ಸ್ಪಷ್ಟವಾಗಿ ಹೇಳಲು ಅದು ಎಷ್ಟು ಅವಕಾಶ ಕೊಡುತ್ತದೆ?

ಅಂಗಡಿಗೆ ಹೊರಡುವ ಮುಂಚೆ ಮನೆಯ ಟ್ರಂಕು ತೆಗೆಯಬೇಕು. ಸರ್ಕಾರಿ ನೌಕರಿಯಾಗಿದ್ದರೆ ಪಿಂಚಣಿ ಆದೇಶದ ಪ್ರತಿಯಲ್ಲಿ ನಿವೃತ್ತಿಯ ದಿನ ಮತ್ತು ಕೊನೆಯ ಹುದ್ದೆ ಸಿಗುತ್ತದೆ. ನೇಮಕಾತಿ ಮತ್ತು ವರ್ಗಾವಣೆ ಆದೇಶಗಳಲ್ಲಿ ಊರು, ಇಸವಿ ಸಿಗುತ್ತವೆ. ನರ್ಸಿಂಗ್ ಕೌನ್ಸಿಲ್ ನೋಂದಣಿ ಪತ್ರದಲ್ಲಿ ತರಬೇತಿಯ ವಿವರ ಇರುತ್ತದೆ. ಇವನ್ನು ಮಕ್ಕಳ ನೆನಪಿನ ಮೇಲೆ ಬಿಡುವುದು ಒಳ್ಳೆಯದಲ್ಲ. ಅಮ್ಮ ಯಾವ ಊರಿನಲ್ಲಿದ್ದಾಗ ತಾವು ಯಾವ ಕ್ಲಾಸಿನಲ್ಲಿದ್ದೆವು ಎಂಬುದು ಮಕ್ಕಳಿಗೆ ನೆನಪಿರುತ್ತದೆ, ಅಮ್ಮನ ಹುದ್ದೆ ಏನಿತ್ತು ಎಂಬುದು ಅಷ್ಟಾಗಿ ಇರುವುದಿಲ್ಲ. ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ) ಬೇರೆ, ಜಿಎನ್‌ಎಂ (ಸಾಮಾನ್ಯ ಶುಶ್ರೂಷೆ ಮತ್ತು ಪ್ರಸೂತಿ ತರಬೇತಿ) ಓದಿದ ಸ್ಟಾಫ್ ನರ್ಸ್ ಬೇರೆ. ಎಎನ್‌ಎಂ ಆಗಿದ್ದವರು ಉಪಕೇಂದ್ರದಲ್ಲಿದ್ದು ಹಳ್ಳಿ ಹಳ್ಳಿ ತಿರುಗಿದವರು, ಸ್ಟಾಫ್ ನರ್ಸ್ ವಾರ್ಡಿನಲ್ಲಿ ಮೂರು ಪಾಳಿ ಮಾಡಿದವರು. ಎರಡನ್ನೂ ‘ಆರೋಗ್ಯ ಇಲಾಖೆ ನಿವೃತ್ತ ನೌಕರರು’ ಎಂದು ಒಂದೇ ಡಬ್ಬಿಗೆ ಹಾಕುವುದು ಆ ಇಬ್ಬರಿಗೂ ಮಾಡುವ ಅನ್ಯಾಯ.

ಹುದ್ದೆಯ ಹೆಸರುಗಳೂ ಕಾಲಕ್ಕೆ ತಕ್ಕಂತೆ ಬದಲಾಗಿವೆ. ಎಎನ್‌ಎಂ ಎಂದು ಸೇರಿದವರು ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಆದರು, ಈಗ ಆ ಹುದ್ದೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಸ್ಟಾಫ್ ನರ್ಸ್ ಅಥವಾ ಶುಶ್ರೂಷಕಿ ಎಂದಿದ್ದದ್ದು ಈಗ ಶುಶ್ರೂಷಾಧಿಕಾರಿ. ಅವರ ಕಾಲದಲ್ಲಿ ಇದ್ದ ಹೆಸರನ್ನೇ ಅಚ್ಚು ಹಾಕಿಸುವುದು ಸರಿ, ಜನ ಅವರನ್ನು ಗುರುತಿಸುವುದು ಅದರಿಂದಲೇ. ಇನ್ನೊಂದು ಎಚ್ಚರ, ಅವರ ಸ್ವಂತ ಹೆಸರಿನದು. ಮದುವೆಗೆ ಮುಂಚೆ ನೌಕರಿ ಸೇರಿದವರ ದಾಖಲೆಯಲ್ಲಿ ತವರಿನ ಇನಿಷಿಯಲ್ ಇರುತ್ತದೆ, ಮನೆಯಲ್ಲಿ ಕರೆಯುವ ಹೆಸರು ಬೇರೆ, ಆಸ್ಪತ್ರೆಯಲ್ಲಿ ‘ಸಿಸ್ಟರ್’ ಜೊತೆ ಸೇರಿಕೊಂಡ ಹೆಸರು ಮತ್ತೊಂದು. ಆಸ್ಪತ್ರೆಯ ಹೆಸರನ್ನು ಬಿಟ್ಟು ಬರೀ ಮನೆಯ ಹೆಸರು ಹಾಕಿಸಿದರೆ ಅವರೊಟ್ಟಿಗೆ ಇಪ್ಪತ್ತು ವರ್ಷ ಕೆಲಸ ಮಾಡಿದವರಿಗೂ ಇದು ಯಾರ ಸುದ್ದಿ ಎಂದು ತಿಳಿಯುವುದಿಲ್ಲ.

ಈಗ ಪತ್ರಿಕೆ. ಇಲ್ಲಿ ಎರಡು ಬಗೆ ಇವೆ, ಎರಡೂ ಒಂದೇ ಅಂದುಕೊಂಡವರು ದುಡ್ಡು ಕಳೆದುಕೊಳ್ಳುತ್ತಾರೆ. ಸುದ್ದಿಯ ಪುಟದಲ್ಲಿ ಬರುವ ನಿಧನ ವಾರ್ತೆಗೆ ದುಡ್ಡು ಕೊಡಬೇಕಿಲ್ಲ. ಊರಿನ ವರದಿಗಾರರಿಗೆ ನಾಲ್ಕೈದು ಸಾಲು, ಒಂದು ಫೋಟೊ ಕಳಿಸಿದರೆ ಜಾಗ ಇದ್ದಾಗ ಹಾಕುತ್ತಾರೆ. ಡೆಸ್ಕಿನಲ್ಲಿ ಕತ್ತರಿ ಬೀಳುವುದು ಸಾಮಾನ್ಯವಾಗಿ ಕೆಳಗಿನ ಸಾಲಿನಿಂದ. ಆದ್ದರಿಂದ ‘ಇಂಥವರ ಧರ್ಮಪತ್ನಿ’ ಎಂದು ಶುರುಮಾಡಿ ನೌಕರಿಯ ವಿಷಯವನ್ನು ಕೊನೆಗಿಟ್ಟರೆ ಅಚ್ಚಾಗುವುದು ಗಂಡನ ಹೆಸರು ಮಾತ್ರ. ಮೊದಲ ವಾಕ್ಯದಲ್ಲೇ ‘ನಿವೃತ್ತ ಸ್ಟಾಫ್ ನರ್ಸ್’ ಎಂದು ಬರೆದು, ಹೆಸರು, ಕಂಸದಲ್ಲಿ ವಯಸ್ಸು, ಕೆಲಸ ಮಾಡಿದ ಆಸ್ಪತ್ರೆ, ಆಮೇಲೆ ಮನೆಯವರು, ಕೊನೆಗೆ ಅಂತ್ಯಕ್ರಿಯೆಯ ಜಾಗ ಮತ್ತು ಹೊತ್ತು – ಈ ಕ್ರಮದಲ್ಲಿ ಕಳಿಸಿದರೆ ಎಷ್ಟೇ ಕತ್ತರಿಸಿದರೂ ಕೆಲಸ ಉಳಿಯುತ್ತದೆ. ಬಿಡಿಕಾಸು ಖರ್ಚಿಲ್ಲದೆ ಸಿಗುವ ಈ ಸೇವೆಯೇ ಒಟ್ಟು ಪಟ್ಟಿಯಲ್ಲಿ ಅತ್ಯುತ್ತಮ. ಇದನ್ನು ಕೇಳಿ ಹಾಕಿಸಿಕೊಳ್ಳುವವರು ಕಡಿಮೆ ಎಂಬುದೇ ಬೇಸರ.

ದುಡ್ಡು ಕೊಡುವುದು ಜಾಹೀರಾತಿಗೆ. ಲೆಕ್ಕ ಚದರ ಸೆಂಟಿಮೀಟರಿನದು: 8 ಸೆಂ.ಮೀ ಅಗಲ, 10 ಸೆಂ.ಮೀ ಎತ್ತರ ಅಂದರೆ 80 ಚದರ ಸೆಂಟಿಮೀಟರ್, ಅದನ್ನು ಆ ಆವೃತ್ತಿಯ ದರದಿಂದ ಗುಣಿಸಿ, ಮೇಲೆ ಶೇ 5 ಜಿಎಸ್‌ಟಿ. ಅಗಲ ಕಾಲಂ ಲೆಕ್ಕದಲ್ಲಿ ಏರುತ್ತದೆ, ಬೇಕಾದಷ್ಟು ಇಳಿಸಲು ಬರುವುದಿಲ್ಲ. ಎತ್ತರದಲ್ಲಿ ಒಂದು ಸೆಂಟಿಮೀಟರ್ ಉಳಿಸಬಹುದು, ಆ ಒಂದರಲ್ಲೇ 8 ಚದರ ಸೆಂಟಿಮೀಟರಿನ ದುಡ್ಡು ಉಳಿಯಿತು. ಬಣ್ಣಕ್ಕೆ, ಮುಖಪುಟಕ್ಕೆ ದರ ಬೇರೆ. ಶ್ರದ್ಧಾಂಜಲಿಗೆ ಕಪ್ಪು-ಬಿಳುಪು ಸಾಕು. ಸಾಮಾನ್ಯವಾಗಿ ಮರಣ ಪ್ರಮಾಣಪತ್ರ, ಅದು ಕೈಗೆ ಬಂದಿರದಿದ್ದರೆ ಆಸ್ಪತ್ರೆ ಚೀಟಿ ಇಲ್ಲವೇ ಚಿತಾಗಾರದ ರಶೀದಿ, ಜೊತೆಗೆ ಕೊಡುವವರ ಗುರುತಿನ ಚೀಟಿ ಕೇಳುತ್ತಾರೆ. ಇದು ಕಿರಿಕಿರಿ ಅಲ್ಲ, ಬದುಕಿರುವವರ ಹೆಸರಿನಲ್ಲಿ ಕಿಡಿಗೇಡಿಗಳು ಜಾಹೀರಾತು ಕೊಡದಿರಲಿ ಎಂದು.

ಯಾವ ಆವೃತ್ತಿ ಎಂಬಲ್ಲಿ ಹೆಚ್ಚಿನವರು ಎಡವುತ್ತಾರೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ ಎಂದು ಬೆಂಗಳೂರು ಆವೃತ್ತಿಯಲ್ಲಿ ದೊಡ್ಡದಾಗಿ ಹಾಕಿಸುತ್ತಾರೆ. ಅಮ್ಮ ದುಡಿದದ್ದು ಬೇರೆ ಜಿಲ್ಲೆಯಲ್ಲಿ. ಅವರ ಕೈಯಲ್ಲಿ ಹೆರಿಗೆಯಾದವರು, ಅವರು ಸೂಜಿ ಚುಚ್ಚಿದ ಮಕ್ಕಳು, ಜೊತೆಗಿದ್ದ ಆಯಾಗಳು, ಆಂಬುಲೆನ್ಸ್ ಡ್ರೈವರು ಎಲ್ಲ ಅಲ್ಲೇ ಇದ್ದಾರೆ. ಜಾಹೀರಾತು ಬರಬೇಕಾದ್ದು ಅವರ ಕೈಗೆ ಸಿಗುವ ಪತ್ರಿಕೆಯಲ್ಲಿ. ಕರಾವಳಿಯಲ್ಲಿ ಉದಯವಾಣಿ, ಹುಬ್ಬಳ್ಳಿ ಕಡೆ ಸಂಯುಕ್ತ ಕರ್ನಾಟಕ, ಮೈಸೂರಿನಲ್ಲಿ ಮೈಸೂರು ಮಿತ್ರ ಅಥವಾ ಆಂದೋಲನ, ದಾವಣಗೆರೆಯಲ್ಲಿ ಜನತಾವಾಣಿ – ಹೀಗೆ ಆ ನೆಲದವರು ಬೆಳಿಗ್ಗೆ ಕೈಗೆತ್ತಿಕೊಳ್ಳುವ ಪತ್ರಿಕೆ. ಪ್ರಜಾವಾಣಿ, ವಿಜಯ ಕರ್ನಾಟಕದಂಥ ರಾಜ್ಯಮಟ್ಟದ ಪತ್ರಿಕೆಯಾದರೆ ಎಲ್ಲ ಆವೃತ್ತಿ ಬೇಡ, ಆ ಭಾಗದ ಆವೃತ್ತಿಯನ್ನಷ್ಟೇ ಕೇಳಿ.

ಇನ್ನು ಒಳಗಿನ ಮಾತು. ಏಜೆನ್ಸಿಯವರ ಸಿದ್ಧ ಮ್ಯಾಟರ್ ಹೀಗಿರುತ್ತದೆ: ‘ತುಂಬು ಜೀವನ ನಡೆಸಿ, ಎಲ್ಲರಿಗೂ ಪ್ರೀತಿಪಾತ್ರರಾಗಿದ್ದ ನಮ್ಮ ಮಾತೃಶ್ರೀಯವರು ದೈವಾಧೀನರಾದರೆಂದು ತಿಳಿಸಲು ವಿಷಾದಿಸುತ್ತೇವೆ.’ ಇದರಲ್ಲಿ ಸುಳ್ಳೇನಿಲ್ಲ, ಆದರೆ ಯಾರ ತಾಯಿಗಾದರೂ ಹೊಂದುತ್ತದೆ. ಅದರ ಬದಲು ಹೀಗೆ ಬರೆಯಬಹುದು: ‘ನಮ್ಮ ಅಮ್ಮ, 1971ರಿಂದ 2005ರವರೆಗೆ ಕಡೂರು, ಬೀರೂರು, ತರೀಕೆರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ವಾರ್ಡಿನ ನರ್ಸ್ ಆಗಿದ್ದವರು, ತೀರಿಕೊಂಡಿದ್ದಾರೆ. ಅವರ ಕೈಯಲ್ಲಿ ಹುಟ್ಟಿದವರು, ಜೊತೆಗೆ ಕೆಲಸ ಮಾಡಿದವರು ಬನ್ನಿ.’ ಊರು, ಇಸವಿ ಮಾದರಿಗಷ್ಟೇ, ನಿಮ್ಮದನ್ನು ತುಂಬಿಕೊಳ್ಳಿ. ಹೆಚ್ಚಾದದ್ದು ಹನ್ನೊಂದು ಪದ. ಅಷ್ಟಕ್ಕೆ ಜಾಗ ಬೇಕಿದ್ದರೆ ಎರಡು ದೀಪದ ಚಿತ್ರ ತೆಗೆಸಿ.

ಹಳೇ ಫೈಲ್ ತಿದ್ದುವುದರಿಂದ ಆಗುವ ಇನ್ನೊಂದು ಅನಾಹುತ, ಹಿಂದಿನವರ ಪದಗಳು ಹಾಗೇ ಉಳಿದುಬಿಡುವುದು. ಶಿವೈಕ್ಯ, ವೈಕುಂಠವಾಸಿ, ಪ್ರಭುವಿನಲ್ಲಿ ನಿದ್ರಿಸಿದರು – ಒಂದೊಂದು ಮನೆಗೂ ಅದರದೇ ಮಾತು. ಹಾಗೆಯೇ ಶಿವಗಣಾರಾಧನೆ, ವೈಕುಂಠ ಸಮಾರಾಧನೆ, ಉತ್ತರಕ್ರಿಯೆ, ನಲವತ್ತನೇ ದಿನದ ಪ್ರಾರ್ಥನೆ. ತಲೆಬರಹ ಬದಲಾಯಿಸಿ ಕೆಳಗಿನ ಸಾಲು ಮರೆತರೆ ಅಚ್ಚಾದ ಮೇಲೆ ಎಲ್ಲರ ಕಣ್ಣಿಗೂ ಬೀಳುವುದು ಅದೇ. ಕಾಗುಣಿತದಲ್ಲಿ ಮತ್ತೆ ಮತ್ತೆ ತಪ್ಪುವ ಮೂರು ಪದ ಇವೆ: ಶ್ರದ್ಧಾಂಜಲಿ ‘ಶೃದ್ಧಾಂಜಲಿ’ ಆಗುತ್ತದೆ, ಆಶೀರ್ವಾದ ‘ಆರ್ಶೀವಾದ’ ಆಗುತ್ತದೆ, ಶುಶ್ರೂಷಕಿ ‘ಶುಶೃಷಕಿ’ ಆಗುತ್ತದೆ. ಮೂರನೆಯದು ಅವರ ಹುದ್ದೆಯೇ ಆಗಿರುವುದರಿಂದ ಅಕ್ಷರ ಅಕ್ಷರ ಓದಿ ನೋಡಬೇಕು. ಅಂಗಡಿಯಲ್ಲಿ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿ ಪತ್ರಿಕೆಗೆ ವರ್ಡ್ ಫೈಲ್ ಕಳಿಸಿದರೆ ಅಲ್ಲಿ ತೆರೆದಾಗ ಅರ್ಕಾವತ್ತು, ಒತ್ತಕ್ಷರ ಚೆಲ್ಲಾಪಿಲ್ಲಿಯಾಗುತ್ತವೆ. ಪಿಡಿಎಫ್ ಮಾಡಿಸಿ ಕಳಿಸಿದರೆ ಈ ತಾಪತ್ರಯ ಇಲ್ಲ.

ದಿನದ ಎಣಿಕೆಯಲ್ಲೂ ತಪ್ಪುತ್ತದೆ. ಹನ್ನೊಂದನೇ ದಿನ ಎಣಿಸುವಾಗ ತೀರಿಕೊಂಡ ದಿನವೇ ಒಂದನೆಯದು: 3ನೇ ತಾರೀಕು ತೀರಿಕೊಂಡರೆ ಹನ್ನೊಂದನೆಯದು 13, 14 ಅಲ್ಲ. ವರ್ಷದ ಪುಣ್ಯತಿಥಿಯನ್ನು ತಿಥಿಯಂತೆ ಮಾಡುವ ಮನೆಗಳಲ್ಲಿ ಅದು ತಾರೀಕಿಗಿಂತ ಸುಮಾರು 11 ದಿನ ಮುಂಚೆ ಬರುತ್ತದೆ, ನಡುವೆ ಅಧಿಕ ಮಾಸ ಬಿದ್ದರೆ ಸುಮಾರು 19 ದಿನ ತಡವಾಗುತ್ತದೆ. 2026ರಲ್ಲಿ ಅಧಿಕ ಜ್ಯೇಷ್ಠ ಇದೆ, ಹಾಲ್ ಮುಂಗಡ ಕೊಡುವ ಮುಂಚೆ ಪುರೋಹಿತರನ್ನು ಕೇಳಿಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಕಾಳಜಿ ಬೇಕಾದ್ದು ಫೋಟೊ ಸ್ಟುಡಿಯೊದಲ್ಲಿ. ನರ್ಸ್ ಆಗಿದ್ದವರ ಮನೆಯಲ್ಲಿ ಯೂನಿಫಾರ್ಮಿನ ಒಂದು ಫೋಟೊ ಬಹುತೇಕ ಇದ್ದೇ ಇರುತ್ತದೆ: ತರಬೇತಿ ಮುಗಿದಾಗಿನ ಗುಂಪು ಚಿತ್ರ, ಇಲ್ಲವೇ ದಾಖಲೆಗೆ ತೆಗೆಸಿದ ಪಾಸ್‌ಪೋರ್ಟ್ ಅಳತೆಯದು. ಬಿಳಿ ಸೀರೆ, ಗಂಜಿ ಹಾಕಿ ಮಡಿಸಿದ ಟೋಪಿ, ಸೊಂಟಕ್ಕೆ ಬೆಲ್ಟು, ಎದೆಗೆ ಪಿನ್ ಮಾಡಿದ, ಮುಳ್ಳು ತಲೆಕೆಳಗಾಗಿ ಕಾಣುವ ಪುಟ್ಟ ಗಡಿಯಾರ. ನಾಡಿ ಎಣಿಸುವಾಗ ಒಂದು ಕೈ ರೋಗಿಯ ಮಣಿಕಟ್ಟಿನ ಮೇಲೆ ಇರುತ್ತದೆ, ತಾವೇ ಕತ್ತು ಬಗ್ಗಿಸಿ ನೋಡಿದರೆ ಸೆಕೆಂಡಿನ ಮುಳ್ಳು ನೇರ ಕಾಣಲಿ ಎಂದು ಅದನ್ನು ಹಾಗೆ ತೂಗುಹಾಕುವುದು. ಇಂಥ ಫೋಟೊ ಕೊಟ್ಟರೆ ಕೆಲವು ಸ್ಟುಡಿಯೊಗಳಲ್ಲಿ ಕೇಳದೇ ಮಾಡುವ ಕೆಲಸ ಒಂದಿದೆ: ಟೋಪಿ ಅಳಿಸಿ, ಮುಖ ಮಾತ್ರ ಕತ್ತರಿಸಿ, ರೆಡಿ ಇರುವ ರೇಷ್ಮೆ ಸೀರೆಯ ಮೈಮೇಲೆ ಕೂರಿಸುವುದು. ಕತ್ತಿನ ಬಣ್ಣ ಒಂದು, ಮುಖದ ಬಣ್ಣ ಒಂದು, ನೆರಳು ಬೀಳುವ ದಿಕ್ಕು ಮತ್ತೊಂದು. ರೇಷ್ಮೆ ಸೀರೆಯ ಫೋಟೊ ಬೇಕಿದ್ದರೆ ಮಗಳ ಮದುವೆಯದು ಇರುತ್ತದೆ, ಅದನ್ನು ಬೇರೆ ಮಾಡಿಸಿ. ಯೂನಿಫಾರ್ಮಿನ ಫೋಟೊ ಮುಟ್ಟಬೇಡಿ ಎಂದು ಬಿಲ್ಲಿನ ಮೇಲೇ ಬರೆಸಿ.

ಸ್ಕ್ಯಾನ್ ಎಷ್ಟಕ್ಕೆ ಮಾಡುತ್ತಾರೆ ಎಂದು ಕೇಳಲೇಬೇಕು. 35×45 ಮಿ.ಮೀ ಫೋಟೊವನ್ನು 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) ಸ್ಕ್ಯಾನ್ ಮಾಡಿದರೆ ಸಿಗುವುದು ಸುಮಾರು 413×531 ಪಿಕ್ಸೆಲ್. ಪತ್ರಿಕೆಯ 3 ಸೆಂ.ಮೀ ಚಿತ್ರಕ್ಕೆ ಅದು ಧಾರಾಳ, ಗೋಡೆಗೆ ಹಾಕುವ 12×18 ಇಂಚಿಗೆ ಸಾಲದು. 1200 ಡಿಪಿಐಗೆ ಮಾಡಿದರೆ ಸುಮಾರು 1650×2125 ಸಿಗುತ್ತದೆ, 12×18ಕ್ಕೆ ಹತ್ತಿರ ಬರುತ್ತದೆ. ಮೂಲ ಫೋಟೊವೇ ಮಸುಕಾಗಿದ್ದರೆ ಯಾವ ಅಂಕಿಯೂ ಅದನ್ನು ಉಳಿಸದು, ಅಂಥದ್ದನ್ನು 8×10ಕ್ಕೆ ನಿಲ್ಲಿಸುವುದು ಮೇಲು. ಮೊಬೈಲಿನಲ್ಲಿ ಫೋಟೊದ ಫೋಟೊ ತೆಗೆದು ವಾಟ್ಸ್‌ಆ್ಯಪಿನಲ್ಲಿ ಕಳಿಸಿದರೆ ಎರಡು ಸಲ ಪೆಟ್ಟು: ಲ್ಯಾಮಿನೇಷನ್ ಮೇಲಿನ ಬೆಳಕಿನ ಹೊಳಪು, ಮೇಲೆ ವಾಟ್ಸ್‌ಆ್ಯಪಿನ ಕುಗ್ಗಿಸುವಿಕೆ. ಸ್ಕ್ಯಾನ್ ಮಾಡಿದ್ದನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿ. ಗಾಜಿಗೆ ಅಂಟಿಕೊಂಡ ಹಳೇ ಫೋಟೊವನ್ನು ಕಿತ್ತರೆ ಮುಖದ ಪದರವೇ ಗಾಜಿನ ಜೊತೆ ಹೋಗುತ್ತದೆ, ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಬೂಷ್ಟು ಹಿಡಿದಿದ್ದರೆ ಒದ್ದೆ ಬಟ್ಟೆ ತಾಗಿಸಬೇಡಿ.

ಬಿಳಿ ಯೂನಿಫಾರ್ಮಿನದೇ ಒಂದು ತೊಂದರೆ ಇದೆ. ಮುಖ ಕಾಣಲಿ ಎಂದು ಬೆಳಕು ಏರಿಸಿದರೆ ಸೀರೆಯ ನೆರಿಗೆ, ಟೋಪಿಯ ಮಡಿಕೆ ಎಲ್ಲ ಸುಟ್ಟುಹೋಗಿ ಬಿಳಿ ಕಾಗದದ ತುಂಡಿನಂತೆ ಕಾಣುತ್ತದೆ. ಮುಖವನ್ನು ಮಾತ್ರ ಬೇರೆಯಾಗಿ ತಿಳಿ ಮಾಡಿ, ಬಟ್ಟೆಯಲ್ಲಿ ತೆಳು ಬೂದು ಉಳಿಸಲು ಹೇಳಬೇಕು. ಪತ್ರಿಕೆಗಾದರೆ ಇನ್ನೂ ಒಂದು ಮಾತು: ನ್ಯೂಸ್‌ಪ್ರಿಂಟ್ ಮಸಿ ಹೀರುತ್ತದೆ, ಮುಖ ಕಂಪ್ಯೂಟರಿನಲ್ಲಿ ಕಂಡದ್ದಕ್ಕಿಂತ ಕಪ್ಪಾಗಿ ಬರುತ್ತದೆ, ಬಿಳಿ ಸೀರೆ ಮಾತ್ರ ಪುಟದ ಬಿಳಿಯಲ್ಲಿ ಕರಗುತ್ತದೆ. ಹಿಂದೆ ತಿಳಿ ಬೂದು, ಸುತ್ತ ಕೂದಲೆಳೆಯ ಗೆರೆ ಹಾಕಿಸಿದರೆ ಟೋಪಿಯ ಅಂಚು ಉಳಿಯುತ್ತದೆ.

ಈಚೆಗೆ ಎಐ ಆ್ಯಪುಗಳಲ್ಲಿ ಹಳೇ ಫೋಟೊ ಚೊಕ್ಕ ಮಾಡಿಕೊಡುತ್ತಾರೆ. ಗೀರು, ಕಲೆ ತೆಗೆಯಲು ಇದು ನಿಜಕ್ಕೂ ಒಳ್ಳೆಯ ಸೇವೆ. ಆದರೆ ಮುಖ ತೀರಾ ಮಸುಕಾಗಿದ್ದರೆ ಅದು ತಾನೇ ಒಂದು ಮುಖ ಊಹಿಸಿ ಬರೆಯುತ್ತದೆ. ಕಣ್ಣು ಸ್ವಲ್ಪ ದೊಡ್ಡದು, ಹಲ್ಲು ಸಾಲಾಗಿ, ಗಲ್ಲದ ಮಚ್ಚೆ ಮಾಯ. ಮೂಲ ಫೋಟೊವನ್ನು ಪಕ್ಕಕ್ಕಿಟ್ಟು ಮಚ್ಚೆ, ಹುಬ್ಬು, ಮೂಗುಬೊಟ್ಟು ಒಂದೊಂದನ್ನೂ ಹೋಲಿಸಿ. ಮೂಗುಬೊಟ್ಟು ಇನ್ನೊಂದು ಬದಿಗೆ ಹೋಗಿದ್ದರೆ ಚಿತ್ರ ಕನ್ನಡಿಯಂತೆ ತಿರುಗಿದೆ ಎಂದರ್ಥ. ಚೌಕಟ್ಟು ಹಾಕಿಸುವಾಗ ಫೋಟೊ ಗಾಜಿಗೆ ತಾಗದಂತೆ ಸುತ್ತ ಮೌಂಟ್ ಬೋರ್ಡ್ (ದಪ್ಪ ರಟ್ಟಿನ ಅಂಚು) ಇರಲಿ, ಮಲೆನಾಡು, ಕರಾವಳಿಯ ತೇವಕ್ಕೆ ಒಂದೆರಡು ಮಳೆಗಾಲದಲ್ಲೇ ಅಂಟಿಕೊಳ್ಳುತ್ತದೆ. ಹಾರ ಇಳಿಬಿದ್ದಾಗ ಎದೆಯ ಗಡಿಯಾರ ಮುಚ್ಚಿಹೋಗದಂತೆ ತಲೆಯ ಮೇಲೆ ಜಾಗ ಕಡಿಮೆ ಮಾಡಿ, ಕೆಳಗೆ ಹೆಚ್ಚು ಬಿಡಿಸಿ.

ಫ್ಲೆಕ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ, ಕರ್ನಾಟಕದಲ್ಲಿ ಅದಕ್ಕೂ ಮುಂಚೆಯೇ ನಿರ್ಬಂಧ ಇತ್ತು. ಬೀದಿಯ ಕಂಬಕ್ಕೆ ಕಟ್ಟಿದ್ದು ಮಳೆಗೆ ಚರಂಡಿ ಸೇರುತ್ತದೆ, ಅದರ ಮೇಲೆ ಇರುವುದು ಅಮ್ಮನ ಮುಖ. ಬೇಕೇ ಬೇಕೆಂದರೆ ಹತ್ತಿ ಬಟ್ಟೆಯ ಮೇಲೆ 3×4 ಅಡಿ ಮುದ್ರಿಸಿ ಸಭಾಂಗಣದ ಒಳಗೆ ಕಟ್ಟಿ, ಕೆಲಸ ಮುಗಿದ ಮೇಲೆ ಮಡಿಸಿಡಬಹುದು. ಫೋಟೊಗಳನ್ನು ಜೋಡಿಸಿ ಹಾಡು ಹಾಕಿಕೊಡುವ ವಿಡಿಯೊ ಸೇವೆಯೂ ಅಷ್ಟೇ. ಆ ದುಡ್ಡಿಗೆ ಅವರ ಜೊತೆ ಕೆಲಸ ಮಾಡಿದ ಒಬ್ಬರ ಮನೆಗೆ ಹೋಗಿ ಮೊಬೈಲಿನಲ್ಲಿ ಅರ್ಧ ಗಂಟೆ ಮಾತು ರೆಕಾರ್ಡ್ ಮಾಡಿಕೊಂಡು ಬನ್ನಿ.

ಆ ಅರ್ಧ ಗಂಟೆ ಪುಸ್ತಿಕೆಗೆ ಒದಗುತ್ತದೆ. ಇಡೀ ಪಟ್ಟಿಯಲ್ಲಿ ದುಡ್ಡು ಹಾಕಲು ಯೋಗ್ಯವಾದ ಒಂದನ್ನು ಆರಿಸಿ ಎಂದರೆ ಇದೇ. ಎ5 ಅಳತೆಯ (ಎ4 ಹಾಳೆಯ ಅರ್ಧ), ನಡುವೆ ಪಿನ್ ಹೊಡೆದ 16 ಪುಟದ ಪುಸ್ತಿಕೆ ಸಾಕು. ಪಿನ್ ಹೊಡೆಯುವ ಪುಸ್ತಿಕೆಯ ಪುಟ ಯಾವಾಗಲೂ ನಾಲ್ಕರ ಲೆಕ್ಕದಲ್ಲೇ ಇರಬೇಕು. 14 ಪುಟದ ಮ್ಯಾಟರ್ ಕೊಟ್ಟರೆ ಎರಡು ಪುಟ ಖಾಲಿ ಬರುತ್ತದೆ, ಅಲ್ಲಿ ಹೂವಿನ ಚಿತ್ರ ತುಂಬುತ್ತಾರೆ. ಒಳಗೆ 90 ಅಥವಾ 100 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕ) ಮ್ಯಾಪ್‌ಲಿಥೊ ಎಂಬ ಹೊಳಪಿಲ್ಲದ ಕಾಗದ, ಹೊರಗೆ 250 ಜಿಎಸ್‌ಎಂ ಆರ್ಟ್ ಕಾರ್ಡ್, ಮೇಲೆ ಮ್ಯಾಟ್ ಲ್ಯಾಮಿನೇಷನ್. ಒಳಪುಟಕ್ಕೂ ಹೊಳೆಯುವ ಆರ್ಟ್ ಪೇಪರ್ ಹಾಕಿಸಿದರೆ ವಯಸ್ಸಾದವರಿಗೆ ಟ್ಯೂಬ್‌ಲೈಟಿನಲ್ಲಿ ಓದಲಾಗುವುದಿಲ್ಲ. ಅಕ್ಷರ 13 ಪಾಯಿಂಟಿಗೆ ಕಡಿಮೆ ಬೇಡ, ಓದುವವರು ಹೆಚ್ಚಾಗಿ ಅವರ ವಾರಿಗೆಯವರೇ. ನೂರು ಇನ್ನೂರು ಪ್ರತಿಗೆ ಡಿಜಿಟಲ್ ಮುದ್ರಣ, ಐನೂರಕ್ಕೆ ಮೇಲೆ ಆಫ್‌ಸೆಟ್ ಕೇಳಿ ನೋಡಿ. ಹನ್ನೊಂದನೇ ದಿನಕ್ಕೆ ಬೇಕೆಂದು ಅವಸರ ಮಾಡಿದ ಪುಸ್ತಿಕೆ ಎಂದೂ ಚೆನ್ನಾಗಿ ಬರುವುದಿಲ್ಲ. ವರ್ಷದ ಪುಣ್ಯತಿಥಿಗೆ ಇಟ್ಟುಕೊಳ್ಳಿ.

ಒಳಗೆ ಏನಿರಬೇಕು? ‘ಸೇವಾ ಮನೋಭಾವ’ ಎಂಬ ಪದವನ್ನು ಎಷ್ಟು ಸಲ ಬರೆದರೂ ಅವರು ಕಾಣುವುದಿಲ್ಲ. 1985ರಲ್ಲಿ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮ ಬಂದಾಗ ಉಪಕೇಂದ್ರದಲ್ಲಿದ್ದವರಾದರೆ ಲಸಿಕೆ ಡಬ್ಬಿ ಹೆಗಲಿಗೆ ಹಾಕಿಕೊಂಡು ಎಷ್ಟು ದೂರ ನಡೆಯುತ್ತಿದ್ದರು, ಯಾವ ಹಳ್ಳ ದಾಟುತ್ತಿದ್ದರು ಎಂದು ಬರೆಯಿರಿ. ಆ ಡಬ್ಬಿಯಲ್ಲಿ ನಾಲ್ಕು ಕಡೆ ನಾಲ್ಕು ಐಸ್‌ಪ್ಯಾಕ್, ನಡುವೆ ಲಸಿಕೆ. 2ರಿಂದ 8 ಡಿಗ್ರಿ ತಂಪು ಆರುವುದರೊಳಗೆ ಊರು ಮುಗಿಸಬೇಕಿತ್ತು. ಗಾಜಿನ ಸಿರಿಂಜನ್ನು ಸೀಮೆಎಣ್ಣೆ ಸ್ಟೋವಿನ ಮೇಲೆ ಕುದಿಸಿದ್ದು, ಬಸುರಿಯ ಹೊಟ್ಟೆಗೆ ಕಹಳೆಯಂಥ ಫೀಟೋಸ್ಕೋಪ್ ಇಟ್ಟು ಕಿವಿಗೊಟ್ಟು ಮಗುವಿನ ಎದೆಬಡಿತ ಎಣಿಸಿದ್ದು, 1995ರಲ್ಲಿ ಪಲ್ಸ್ ಪೋಲಿಯೊ ಶುರುವಾದ ಮೇಲೆ ಭಾನುವಾರದ ಬೂತುಗಳು – ಇವು ಅವರ ಬದುಕು. 2014ರ ಮಾರ್ಚ್ 27ರಂದು ಭಾರತವೂ ಸೇರಿದ ಆಗ್ನೇಯ ಏಷ್ಯಾ ವಲಯಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ಸಿಕ್ಕಿತಲ್ಲ, ಅದರಲ್ಲಿ ಇಂಥ ಅಜ್ಜಿಯರ ಪಾಲಿದೆ ಎಂದು ಮೊಮ್ಮಕ್ಕಳಿಗೆ ಗೊತ್ತಾಗಬೇಕು. ಹಾಗೆಯೇ ಮನೆಯ ಮಾತು: ರಾತ್ರಿ ಪಾಳಿ ಮುಗಿಸಿ ಬಂದು ಊಟದ ಡಬ್ಬಿ ಕಟ್ಟಿದ್ದು, ಮಲಗುವ ಹೊತ್ತಿಗೆ ಪಕ್ಕದ ಮನೆಯವರು ಜ್ವರದ ಮಗುವನ್ನು ತಂದದ್ದು, ಮೊಮ್ಮಗುವಿಗೆ ಎಣ್ಣೆ ಹಚ್ಚಿ ನೀರೆರೆಯುವಾಗ ಮೊಣಕೈಯಿಂದ ಬಿಸಿ ನೋಡಿದ್ದು. ರೋಗಿಗಳ ಹೆಸರು, ಅವರ ಕಾಯಿಲೆ ಮಾತ್ರ ಬರೆಯಬೇಡಿ. ಅವರು ಬಾಯಿ ಬಿಡದೆ ಕಾಪಾಡಿದ ಗುಟ್ಟನ್ನು ಅವರ ಪುಸ್ತಿಕೆಯಲ್ಲೇ ಬಯಲು ಮಾಡಬಾರದು. ಹುಟ್ಟಿದ ಪೂರ್ತಿ ತಾರೀಕು, ಮನೆಯ ವಿಳಾಸ, ಪಿಂಚಣಿ ಸಂಖ್ಯೆ ಕಾಣುವ ಯಾವ ದಾಖಲೆಯ ಚಿತ್ರವನ್ನೂ ಹಾಕಬೇಡಿ, ಬ್ಯಾಂಕಿನ ಮೋಸಕ್ಕೆ ಅಷ್ಟೇ ಸಾಕು.

ಪ್ರೂಫ್ ಕಾಗದದ ಮೇಲೆ ತೆಗೆಸಿಕೊಳ್ಳಿ, ಮೊಬೈಲಿನ ಪರದೆಯಲ್ಲಿ ನೋಡಿ ‘ಓಕೆ’ ಹೇಳಬೇಡಿ. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ದಾಖಲೆ ಹಿಡಿದು ಇಸವಿ ನೋಡಬೇಕು. ಆಮೇಲೆ ಅದೇ ಪ್ರತಿಯನ್ನು ಅವರ ಜೊತೆ ಡ್ಯೂಟಿ ಮಾಡಿದ ಒಬ್ಬ ಸಿಸ್ಟರ್‌ಗೆ ಕೊಟ್ಟು ಒಂದು ದಿನ ಬಿಡಿ. ‘ಆದೇಶ 78ರದೇ ಇರಬಹುದು, ಅವಳು ಬೀರೂರಿಗೆ ಬಂದು ಸೇರಿದ್ದು 79ರ ಮಳೆಗಾಲದಲ್ಲಿ, ಕೈಯಲ್ಲಿ ಆರು ತಿಂಗಳ ಕೂಸು ಇತ್ತು’ ಎಂದು ಪೆನ್ಸಿಲಿನಲ್ಲಿ ತಿದ್ದಿ ಕೊಡುವವರು ಅವರೇ.